ಹುಟ್ಟುಗುಣವೂ ಕೊಟ್ಟಿಗೆಯ ದೂಳೂ

‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ನಮ್ಮ ಗಾದೆಗೆ ಈಗ ವಿಜ್ಞಾನದ ಕೋಟು ಸಿಕ್ಕಿದೆ. ಸಕ್ಕರೆ ಕಾಯಿಲೆ ಬಂದವರಿಗೆ ‘ಜೀನ್ಸ್ ಕಣ್ರೀ, ಏನ್ ಮಾಡೋಕಾಗುತ್ತೆ’ ಎನ್ನುತ್ತೇವೆ. ಕುಡಿತ ಬಿಡದವರಿಗೆ ‘ಅದು ಅವರ ಡಿಎನ್‌ಎಯಲ್ಲೇ ಇದೆ’ ಎನ್ನುತ್ತೇವೆ. ಡೊಂಬಿವಲಿಯಿಂದ ಠಾಣೆಗೆ, ಅಲ್ಲಿ ಗಾಡಿ ಬದಲಿಸಿ ಐರೋಲಿಗೆ ದಿನವೂ ಲೋಕಲ್‌ನಲ್ಲಿ ಹೋಗುವ ನನ್ನ ಕಿವಿಗೆ ಈ ಮಾತು ಹಲವು ರೂಪದಲ್ಲಿ ಬೀಳುತ್ತದೆ. ಈಚೆಗೆ ಬಿದ್ದದ್ದು ತಬೇಲಾದವರ ಬಗ್ಗೆ: ‘ಎಷ್ಟು ಹೇಳಿದ್ರೂ ಬೀಡಿ ಬಿಡಲ್ಲ ಆ ಭಯ್ಯಾಗಳು. ಅದಕ್ಕೇ ದಮ್ಮು. ಅವರ ರಕ್ತದಲ್ಲೇ ಇದೆ ಬಿಡಿ.’

ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಆ ಅರ್ಧ ಯಾವುದು, ಉಳಿದರ್ಧವನ್ನು ಮುಚ್ಚಿಡಲು ಅದು ಹೇಗೆ ಬಳಕೆಯಾಗುತ್ತದೆ ಎಂಬುದು ನನ್ನ ಪ್ರಶ್ನೆ. ನಾನು ವೈದ್ಯನಲ್ಲ, ಅಂಕಿಅಂಶಗಳ ಜೊತೆ ದಿನ ಕಳೆಯುವ ಸಾಫ್ಟ್‌ವೇರ್ ಎಂಜಿನಿಯರ್. ಆದರೆ ದನದ ಮನೆಯಿಂದ ಬಂದವನು. ಅರಸೀಕೆರೆ ಕಡೆಯ ನಮ್ಮೂರಿನಲ್ಲಿ ಅಪ್ಪ ಬೀಡಿ ಮುಟ್ಟಿದವರಲ್ಲ, ದೊಡ್ಡಪ್ಪ ಬೀಡಿ ಬಿಟ್ಟವರಲ್ಲ. ಒಂದೇ ಕೊಟ್ಟಿಗೆಯಲ್ಲಿ ದುಡಿದ ಇಬ್ಬರೂ ಐವತ್ತು ದಾಟುವಷ್ಟರಲ್ಲಿ ಕೆಮ್ಮುತ್ತಿದ್ದರು. ದೊಡ್ಡಪ್ಪನದು ‘ಬೀಡಿ ಕೆಮ್ಮು’ ಎಂದು ಮನೆಯವರೆಲ್ಲ ಹೇಳುತ್ತಿದ್ದರು. ಅಪ್ಪನ ಕೆಮ್ಮಿಗೆ ಹೆಸರೇ ಇರಲಿಲ್ಲ.

ಹೆಸರಿಲ್ಲದ ಆ ಕೆಮ್ಮಿನ ಬಗ್ಗೆಯೇ ಈ ಬರಹ.

ತಬೇಲಾದ ಗಾಳಿ

ಕಲ್ಯಾಣ್ ಪಶ್ಚಿಮದಲ್ಲಿ ಗೋವಿಂದವಾಡಿ ಬೈಪಾಸ್ ಕಡೆ ಹೋದರೆ ಖಾಡಿಯ ಅಂಚಿನಲ್ಲಿ ಎಮ್ಮೆಗಳ ತಬೇಲಾಗಳು ಸಿಗುತ್ತವೆ. ಜೋರು ಮಳೆಗೆ ಖಾಡಿಯ ನೀರು ಒಳಗೆ ನುಗ್ಗಿದಾಗ ಎಮ್ಮೆಗಳನ್ನು ಹೊಡೆದುಕೊಂಡು ಬಂದು ರಸ್ತೆಯ ಮೇಲೆ ನಿಲ್ಲಿಸುತ್ತಾರಲ್ಲ, ಆ ಚಿತ್ರ ಮಳೆಗಾಲದ ಸುದ್ದಿಯಲ್ಲಿ ನೀವೂ ನೋಡಿರುತ್ತೀರಿ. ಉಳಿದ ದಿನಗಳಲ್ಲಿ ಅಲ್ಲಿ ದುಡಿಯುವವರು ಯಾರ ಕಣ್ಣಿಗೂ ಬೀಳುವುದಿಲ್ಲ. ಹೆಚ್ಚಿನವರು ಉತ್ತರ ಪ್ರದೇಶ, ಬಿಹಾರದ ಹಳ್ಳಿಗಳಿಂದ ಬಂದವರು. ರಾತ್ರಿ ಎರಡು ಮೂರು ಗಂಟೆಗೆ ಎದ್ದು ಒಂದು ಹಾಲು, ಮಧ್ಯಾಹ್ನ ಮತ್ತೊಂದು ಹಾಲು. ನಡುವೆ ಸಗಣಿ ಬಾಚುವುದು, ಬೂಸಾ ಕಲಸುವುದು, ಹುಲ್ಲು ಹಾಕುವುದು. ಮಲಗುವುದೂ ಎಷ್ಟೋ ಕಡೆ ಅಲ್ಲೇ, ಎಮ್ಮೆಗಳ ತಲೆಯ ಮೇಲಿನ ಅಟ್ಟದಲ್ಲಿ. ಕಚೇರಿಯ ಎಂಟು ಗಂಟೆ ಮುಗಿದ ಮೇಲೆ ನಮಗೆ ಬೇರೆ ಗಾಳಿ ಸಿಗುತ್ತದೆ. ಅವರಿಗೆ ಇಪ್ಪತ್ನಾಲ್ಕು ಗಂಟೆಯೂ ಅದೇ ಗಾಳಿ.

ಆ ಗಾಳಿಯಲ್ಲಿ ಏನಿದೆ? ಗಂಜಲ ಕೊಳೆತು ಬರುವ ಅಮೋನಿಯಾ ಇದೆ. ಬೂಸಾ, ಹಿಂಡಿ, ಒಣಹುಲ್ಲಿನ ಸಣ್ಣ ದೂಳು ಇದೆ. ಆ ದೂಳಿಗೆ ಅಂಟಿಕೊಂಡು ಬೂಷ್ಟಿನ ಬೀಜಕಣಗಳು, ಸತ್ತ ಬ್ಯಾಕ್ಟೀರಿಯಾಗಳ ಹೊರಪದರದ ಚೂರುಗಳು ಇವೆ. ಈ ಚೂರುಗಳಿಗೆ ಎಂಡೊಟಾಕ್ಸಿನ್ ಎನ್ನುತ್ತಾರೆ. ಇದು ಶ್ವಾಸಕೋಶಕ್ಕೆ ಇಳಿದಾಗ ದೇಹ ಸೋಂಕೇ ಬಂದಿದೆಯೆಂದು ತಿಳಿದು ಹೋರಾಟಕ್ಕೆ ಇಳಿಯುತ್ತದೆ. ದಿನವೂ, ವರ್ಷಗಟ್ಟಲೆ ಈ ಹೋರಾಟ ನಡೆದರೆ ಉಸಿರುನಾಳಗಳ ಒಳಗೋಡೆ ಊದಿಕೊಂಡು, ಕಫ ಕಟ್ಟಿ, ಕೊನೆಗೆ ಉಸಿರು ಹೊರಗೆ ಹಾಕುವುದೇ ಕಷ್ಟವಾಗುತ್ತದೆ. ಬೂಷ್ಟು ಹಿಡಿದ ಹುಲ್ಲಿನಿಂದ ಬರುವ ಅಲರ್ಜಿಯ ಕಾಯಿಲೆಗಂತೂ ವೈದ್ಯಶಾಸ್ತ್ರದಲ್ಲಿ ‘ರೈತನ ಶ್ವಾಸಕೋಶ’ ಎಂದೇ ಹೆಸರು. ಅಮೆರಿಕ, ಯೂರೋಪಿನ ಅಧ್ಯಯನಗಳಲ್ಲಿ ಒಂದು ವಿಚಿತ್ರ ಮತ್ತೆ ಮತ್ತೆ ಕಂಡಿದೆ: ಅಲ್ಲಿನ ರೈತರು ಉಳಿದವರಿಗಿಂತ ಕಡಿಮೆ ಸಿಗರೇಟು ಸೇದುತ್ತಾರೆ, ಆದರೂ ದೀರ್ಘಕಾಲದ ಕೆಮ್ಮು ಕಫ ಅವರಲ್ಲೇ ಹೆಚ್ಚು.

ಇದು ಬರೀ ಭಯ್ಯಾಗಳ ಕಥೆ ಎಂದುಕೊಳ್ಳಬೇಡಿ. ಠಾಣೆ, ಡೊಂಬಿವಲಿಯ ಉಡುಪಿ ಹೋಟೆಲುಗಳಲ್ಲಿ ನಾವು ಕುಡಿಯುವ ಕಾಫಿಗೆ, ಮನೆಗೆ ಬರುವ ಬಿಡಿ ಹಾಲಿಗೆ ಈ ತಬೇಲಾಗಳ ಸಂಬಂಧವಿದೆ. ಇನ್ನು ನಮ್ಮೂರುಗಳಲ್ಲಿ ಹಾಲಿನ ಡೇರಿಯ ಮುಂದೆ ಬೆಳಗ್ಗೆ ಸಂಜೆ ಕ್ಯಾನು ಹಿಡಿದು ನಿಲ್ಲುವವರು ನಮ್ಮ ಅಪ್ಪ ಅಮ್ಮಂದಿರೇ. ಕೊಟ್ಟಿಗೆಯ ಕೆಲಸದಲ್ಲಿ ಹೆಂಗಸರದೇ ದೊಡ್ಡ ಪಾಲು. ಅವರು ಬೀಡಿ ಸೇದಿದವರಲ್ಲ, ಆದರೆ ಸೌದೆ ಒಲೆಯ ಮುಂದೆ ಅರ್ಧ ಆಯುಷ್ಯ ಕಳೆದವರು. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ವೈದ್ಯರು ಜಿಲ್ಲೆಯ ಹಳ್ಳಿಗಳಲ್ಲಿ ಒಲೆಯ ಹೊಗೆಗೂ ಹೆಂಗಸರ ದೀರ್ಘಕಾಲದ ಕೆಮ್ಮು ಕಫಕ್ಕೂ ಇರುವ ನಂಟನ್ನು ಲೆಕ್ಕ ಹಾಕಿ ತೋರಿಸಿದ್ದಾರೆ. ಪುಣೆಯ ಚೆಸ್ಟ್ ರಿಸರ್ಚ್ ಫೌಂಡೇಶನ್‌ನಲ್ಲಿದ್ದ ಡಾ. ಸಂದೀಪ್ ಸಾಳ್ವಿ 2009ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಸಹಲೇಖಕರೊಂದಿಗೆ ಬರೆದದ್ದೂ ಇದನ್ನೇ: ಸಿಒಪಿಡಿ ಎಂಬ ಉಸಿರಿನ ಕಾಯಿಲೆ ಬರಲು ಧೂಮಪಾನಿಯೇ ಆಗಿರಬೇಕಿಲ್ಲ. 2016ರಲ್ಲಿ ಭಾರತದಲ್ಲಿ ಸುಮಾರು 5.5 ಕೋಟಿ ಜನರಿಗೆ ಈ ಕಾಯಿಲೆ ಇತ್ತೆಂಬ ಅಂದಾಜಿದೆ. ಅವರೆಲ್ಲರ ಕೆಮ್ಮಿಗೂ ಬೀಡಿಯೊಂದೇ ಕಾರಣ ಎನ್ನಲು ಬರುವುದಿಲ್ಲ.

ಅರ್ಧ ಸತ್ಯದ ಲೆಕ್ಕ

ಈಗ ವಂಶವಾಹಿಯ ಕಡೆಗೆ ಬರೋಣ. ತಂಬಾಕಿನ ಚಟದಲ್ಲಿ ವಂಶವಾಹಿಯ ಪಾತ್ರ ಇದೆಯೇ? ಇದೆ. ಅವಳಿಗಳ ಮೇಲೆ ನಡೆದ ಅಧ್ಯಯನಗಳ ಪ್ರಕಾರ ಜನರ ನಡುವಿನ ವ್ಯತ್ಯಾಸದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಅದರದ್ದು. 2008ರಲ್ಲಿ ಮೂರು ಬೇರೆ ಬೇರೆ ತಂಡಗಳು 15ನೇ ವರ್ಣತಂತುವಿನ ಒಂದೇ ಜಾಗಕ್ಕೆ ಬಂದು ನಿಂತವು. ಅಲ್ಲಿ ನಿಕೋಟಿನ್ ಅಂಟಿಕೊಳ್ಳುವ ಗ್ರಾಹಕಗಳನ್ನು ತಯಾರಿಸುವ ವಂಶವಾಹಿಗಳ ಗುಂಪಿದೆ. ಸಿಎಚ್‌ಆರ್‌ಎನ್‌ಎ5 ಎಂಬುದು ಅದರಲ್ಲೊಂದು. ಅದರ ಒಂದು ಅಕ್ಷರ ಬದಲಾಗಿದ್ದರೆ, ಅಂಥ ಪ್ರತಿಯೊಂದಕ್ಕೆ ಸೇದುವವನು ದಿನಕ್ಕೆ ಸುಮಾರು ಒಂದು ಸಿಗರೇಟು ಹೆಚ್ಚು ಸೇದುತ್ತಾನೆ. ಒಂದು ಸಿಗರೇಟು, ಅಷ್ಟೇ. ಸಿವೈಪಿ2ಎ6 ಎಂಬ ಇನ್ನೊಂದು ವಂಶವಾಹಿ ನಿಕೋಟಿನ್ ದೇಹದಲ್ಲಿ ಎಷ್ಟು ಬೇಗ ಕರಗಬೇಕೆಂದು ತೀರ್ಮಾನಿಸುತ್ತದೆ. ಬೇಗ ಕರಗಿದವನಿಗೆ ಮುಂದಿನ ಬೀಡಿಯ ನೆನಪೂ ಬೇಗ ಬರುತ್ತದೆ. 2019ರಲ್ಲಿ 12 ಲಕ್ಷ ಜನರ ಮಾಹಿತಿ ಜರಡಿ ಹಿಡಿದಾಗ ತಂಬಾಕು, ಮದ್ಯಕ್ಕೆ ಸಂಬಂಧಿಸಿದ ಇಂಥ ಬದಲಾವಣೆಗಳು ಐನೂರಕ್ಕೂ ಹೆಚ್ಚು ಸಿಕ್ಕವು. ಆ 12 ಲಕ್ಷವೂ ಯೂರೋಪ್ ಮೂಲದವರದು.

ಹಾಗಾದರೆ ಗಾದೆ ಗೆದ್ದಿತೇ? ಇಲ್ಲಿ ‘ಅರ್ಧದಷ್ಟು’ ಎಂಬ ಮಾತಿನ ಅರ್ಥವನ್ನು ಬಿಡಿಸಿಕೊಳ್ಳಬೇಕು. ಒಬ್ಬ ಮನುಷ್ಯನ ಚಟದಲ್ಲಿ ಅರ್ಧ ವಂಶವಾಹಿ, ಅರ್ಧ ಸಹವಾಸ ಎಂದು ಇದರ ಅರ್ಥವಲ್ಲ. ಒಂದು ಗುಂಪಿನ ಜನರ ನಡುವಿನ ವ್ಯತ್ಯಾಸದ ಲೆಕ್ಕ ಅದು. ಹೊಲದ ಮಾತಿನಲ್ಲೇ ಹೇಳುವುದಾದರೆ, ಒಂದೇ ಮಣ್ಣು, ಒಂದೇ ಗೊಬ್ಬರ, ಒಂದೇ ನೀರು ಸಿಕ್ಕ ತಾಕಿನಲ್ಲಿ ಪೈರಿನ ಎತ್ತರದ ವ್ಯತ್ಯಾಸವೆಲ್ಲ ಬೀಜದ್ದೇ ಎಂದು ಕಾಣುತ್ತದೆ. ಹಾಗೆಂದು ನೀರು ನಿಲ್ಲಿಸಿ ನೋಡಿ, ಎಂಥ ಬೀಜವಾದರೂ ಒಣಗುತ್ತದೆ. ನೀರು ಎಲ್ಲಕ್ಕೂ ಸಮವಾಗಿದ್ದರಿಂದ ಲೆಕ್ಕದಲ್ಲಿ ಅದರ ಹೆಸರು ಬರಲಿಲ್ಲ, ಅಷ್ಟೇ.

ತಬೇಲಾದಲ್ಲಿ ಆಗುವುದೂ ಇದೇ. ಹತ್ತು ಜನರೂ ಒಂದೇ ದೂಳು ಕುಡಿಯುತ್ತಿದ್ದರೆ, ಯಾರು ಮೊದಲು ಕೆಮ್ಮುತ್ತಾರೆ ಎಂಬುದರಲ್ಲಿ ವಂಶವಾಹಿಯ ಕೈವಾಡ ದೊಡ್ಡದಾಗಿ ಕಾಣುತ್ತದೆ. ಹತ್ತೂ ಜನ ಯಾಕೆ ಕೆಮ್ಮುತ್ತಿದ್ದಾರೆ ಎಂದು ಕೇಳಿದರೆ ಮಾತ್ರ ದೂಳು ಕಣ್ಣಿಗೆ ಬೀಳುತ್ತದೆ. ನಾವು ಮೊದಲನೇ ಪ್ರಶ್ನೆ ಕೇಳಿ, ಎರಡನೆಯದಕ್ಕೂ ಅದೇ ಉತ್ತರ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದೇವೆ.

ಇನ್ನೊಂದು ಲೆಕ್ಕ ನೋಡಿ. ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ 2009-10ರಲ್ಲಿ ಭಾರತದ ವಯಸ್ಕರಲ್ಲಿ ಶೇ 34.6ರಷ್ಟು ಜನ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. 2016-17ಕ್ಕೆ ಅದು ಶೇ 28.6ಕ್ಕೆ ಇಳಿಯಿತು. ಕರ್ನಾಟಕದಲ್ಲಿ ಶೇ 28.2ರಿಂದ 22.8ಕ್ಕೆ ಇಳಿಯಿತು. ಏಳು ವರ್ಷದಲ್ಲಿ ಯಾರ ವಂಶವಾಹಿಯೂ ಬದಲಾಗಿರಲಿಲ್ಲ. ಬದಲಾದದ್ದು ಬೆಲೆ, ಪೊಟ್ಟಣದ ಮೇಲಿನ ಚಿತ್ರ, ಸಾರ್ವಜನಿಕ ಸ್ಥಳಗಳ ನಿಷೇಧ, ಗುಟ್ಕಾ ಕಾನೂನು. ಅದೇ ಸಮೀಕ್ಷೆಯಲ್ಲಿ ಸೇದುವವರ ಪೈಕಿ ಅರ್ಧಕ್ಕಿಂತ ಹೆಚ್ಚು ಜನ ಬಿಡುವ ಯೋಚನೆಯಲ್ಲಿದ್ದೇವೆ ಎಂದಿದ್ದರು. ‘ಎಷ್ಟು ಹೇಳಿದರೂ ಬಿಡಲ್ಲ’ ಎನ್ನುವವರು ಇದನ್ನು ಗಮನಿಸಬೇಕು.

ಒಬ್ಬ ಮಹಾನ್ ಲೆಕ್ಕಿಗನ ಕಥೆ

ಕಾಯಿಲೆಗೆ ವಂಶವಾಹಿಯೇ ಕಾರಣ ಎಂಬ ವಾದಕ್ಕೆ ಹಳೆಯ ಚರಿತ್ರೆಯಿದೆ. ಅದರ ಮುಂದಾಳು ಸಾಮಾನ್ಯನಲ್ಲ, ರೊನಾಲ್ಡ್ ಫಿಶರ್. ನಮ್ಮಂಥ ಡೇಟಾ ಮಂದಿಯ ದಿನನಿತ್ಯದ ಎಷ್ಟೋ ಸೂತ್ರಗಳು ಅವರವು. ಮಹಾಲನೋಬಿಸ್ ಕಟ್ಟಿದ ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಗೆ ಹಲವು ಬಾರಿ ಬಂದುಹೋದವರು. 1950ರಲ್ಲಿ ಬ್ರಿಟನ್‌ನ ಡಾಲ್ ಮತ್ತು ಹಿಲ್ ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ನಂಟು ತೋರಿಸಿದಾಗ ಫಿಶರ್ ಒಪ್ಪಲಿಲ್ಲ. ಸೇದುವ ಆಸೆ ಹುಟ್ಟಿಸುವ ವಂಶವಾಹಿಯೇ ಕ್ಯಾನ್ಸರನ್ನೂ ತರುತ್ತಿರಬಹುದು, ಸಿಗರೇಟಿನ ಮೇಲೆ ಯಾಕೆ ಗೂಬೆ ಕೂರಿಸುತ್ತೀರಿ ಎಂಬುದು 1957-58ರಲ್ಲಿ ಅವರು ಮಂಡಿಸಿದ ವಾದದ ಸಾರ. ಆಗ ಅವರು ತಂಬಾಕು ತಯಾರಕರ ಸಮಿತಿಯ ಸಲಹೆಗಾರರಾಗಿದ್ದರು. ಬಾಯಲ್ಲಿ ಪೈಪೂ ಇತ್ತು.

ಮುಂದೆ ಫಿನ್ಲೆಂಡಿನಲ್ಲಿ ಒಬ್ಬರು ಸೇದುವ, ಇನ್ನೊಬ್ಬರು ಸೇದದ ಅವಳಿಗಳನ್ನು ವರ್ಷಗಟ್ಟಲೆ ಗಮನಿಸಿದರು. ಮೊದಲು ಸಾಯುವವರಲ್ಲಿ ಸೇದುವ ಅವಳಿಯೇ ಹೆಚ್ಚು ಎಂದು ಕಂಡಿತು. ಫಿಶರ್ ತೀರಿಕೊಂಡ 46 ವರ್ಷಗಳ ನಂತರ, 2008ರಲ್ಲಿ, ಅವರು ಊಹಿಸಿದಂಥದೇ ವಂಶವಾಹಿ ಸಿಕ್ಕಿತು. ಹೆಚ್ಚು ಸೇದಿಸುವುದೂ ಅದೇ, ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚಿಸುವುದೂ ಅದೇ. ಆದರೆ ಎಂದೂ ಸೇದದವರಲ್ಲಿ ಅದೇ ಅಕ್ಷರ ಬದಲಾಗಿದ್ದರೂ ಆ ಅಪಾಯ ಕಾಣಲಿಲ್ಲ. ವಂಶವಾಹಿ ಕೆಲಸ ಮಾಡುವುದೇ ಹೊಗೆಯ ಮೂಲಕ. ಹೊಗೆ ಇಲ್ಲದಿದ್ದರೆ ಅದು ಸುಮ್ಮನೆ ಕೂತಿರುತ್ತದೆ.

ದೂಳಿನ ವಿಷಯದಲ್ಲಿ ಇದಕ್ಕಿಂತ ಚೆಂದದ ಸಾಕ್ಷಿಯಿದೆ. ಅಮೆರಿಕದಲ್ಲಿ ಅಮಿಶ್ ಮತ್ತು ಹಟರೈಟ್ ಎಂಬ ಎರಡು ರೈತ ಪಂಗಡಗಳಿವೆ. ಯೂರೋಪಿನಿಂದ ವಲಸೆ ಬಂದ ಇವರ ವಂಶವಾಹಿಗಳಲ್ಲಿ ಬಹಳ ಹೋಲಿಕೆಯಿದೆ. ಅಮಿಶರದು ಮನೆಯ ಪಕ್ಕದಲ್ಲೇ ಹಸು ಕಟ್ಟುವ ಹಳೇ ಪದ್ಧತಿ, ಹಟರೈಟರದು ಮನೆಯಿಂದ ದೂರದ ಯಂತ್ರಗಳ ಬೇಸಾಯ. 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅಮಿಶ್ ಶಾಲಾ ಮಕ್ಕಳಲ್ಲಿ ಅಸ್ತಮಾ ಶೇ 5ರಷ್ಟು, ಹಟರೈಟ್ ಮಕ್ಕಳಲ್ಲಿ ಶೇ 21ರಷ್ಟು. ಹುಟ್ಟುಗುಣ ಹೆಚ್ಚುಕಡಿಮೆ ಒಂದೇ, ಕೊಟ್ಟಿಗೆ ಬೇರೆ, ಉಸಿರೂ ಬೇರೆ. ಎಳೆಯ ವಯಸ್ಸಿನಲ್ಲಿ, ತೆರೆದ ಅಂಗಳದಲ್ಲಿ, ಸ್ವಲ್ಪ ಸ್ವಲ್ಪವೇ ಸಿಗುವ ಕೊಟ್ಟಿಗೆಯ ದೂಳು ಮಗುವಿನ ದೇಹವನ್ನು ಪಳಗಿಸುತ್ತದೆ. ಅದೇ ದೂಳು ಮುಚ್ಚಿದ ಶೆಡ್ಡಿನಲ್ಲಿ, ದೊಡ್ಡವರ ಎದೆಗೆ, ವರ್ಷಗಟ್ಟಲೆ ಇಳಿದರೆ ಕಾಯಿಲೆಯಾಗುತ್ತದೆ. ಎಂಡೊಟಾಕ್ಸಿನ್ ಗುರುತಿಸುವ ಸಿಡಿ14 ಎಂಬ ವಂಶವಾಹಿಯಲ್ಲೂ ಹೀಗೆಯೇ: ಅದರ ಒಂದೇ ರೂಪ ಕಡಿಮೆ ದೂಳಿನಲ್ಲಿ ಒಂದು ಪರಿಣಾಮ, ಹೆಚ್ಚು ದೂಳಿನಲ್ಲಿ ಅದಕ್ಕೆ ತಿರುಗುಮುರುಗಾದ ಪರಿಣಾಮ ತೋರಿಸಬಲ್ಲದು. ಸುತ್ತಲಿನ ಗಾಳಿ ಎಂಥದು ಎಂದು ಕೇಳದೆ ‘ಒಳ್ಳೆಯ ಜೀನ್, ಕೆಟ್ಟ ಜೀನ್’ ಎನ್ನಲು ಬರುವುದಿಲ್ಲ.

ಗೇಟಿನಲ್ಲಿ ನಿಲ್ಲುವ ಪರೀಕ್ಷೆ

ಇಷ್ಟೆಲ್ಲ ತಿಳಿದ ಮೇಲೆ ಒಬ್ಬ ಸಹೋದ್ಯೋಗಿ ಕೇಳಿದ ಪ್ರಶ್ನೆ ನ್ಯಾಯವಾದದ್ದೇ: ‘ಯಾರಿಗೆ ದೂಳು ಬೇಗ ತಾಗುತ್ತದೆ ಎಂದು ಮೊದಲೇ ಗೊತ್ತಾದರೆ ಅವರನ್ನು ಆ ಕೆಲಸದಿಂದ ದೂರ ಇಡಬಹುದಲ್ಲ? ಅದು ಅವರಿಗೇ ಒಳ್ಳೆಯದಲ್ಲವೇ?’

ಲೆಕ್ಕಕ್ಕೆ ಇಳಿದರೆ ಇದು ನಿಲ್ಲುವುದಿಲ್ಲ. ಮೇಲೆ ಹೇಳಿದ 15ನೇ ವರ್ಣತಂತುವಿನ ಬದಲಾವಣೆ ಯೂರೋಪ್ ಮೂಲದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಕನಿಷ್ಠ ಒಂದು ಪ್ರತಿಯಾದರೂ ಇರುತ್ತದೆ, ಪೂರ್ವ ಏಷ್ಯಾದವರಲ್ಲಿ ಅಪರೂಪ. ಇಷ್ಟು ಸಾಮಾನ್ಯವಾದ, ಇಷ್ಟು ಸಣ್ಣ ಪರಿಣಾಮದ ಗುರುತಿನಿಂದ ಒಬ್ಬೊಬ್ಬರ ಭವಿಷ್ಯ ಹೇಳುವ ಮಾಡೆಲ್ ಬರೆದರೆ ಅದು ತಪ್ಪು ಎಚ್ಚರಿಕೆಗಳ ಕಾರ್ಖಾನೆಯಾಗುತ್ತದೆ. ಅರ್ಧ ಜನರ ಅನ್ನ ಕಿತ್ತುಕೊಂಡು, ಉಳಿದರ್ಧ ಜನರನ್ನು ಅದೇ ದೂಳಿನಲ್ಲಿ ಬಿಟ್ಟಂತಾಗುತ್ತದೆ.

ಮಾಲೀಕರ ಕೈಗೆ ಈ ಪರೀಕ್ಷೆ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. ಅಮೆರಿಕದ ಬರ್ಲಿಂಗ್ಟನ್ ನಾರ್ದರ್ನ್ ರೈಲ್ವೆ ಕಂಪನಿಯಲ್ಲಿ ಹಳಿ ಕೆಲಸದಿಂದ ಮಣಿಕಟ್ಟು ಕೆಟ್ಟಿದೆ ಎಂದು ಪರಿಹಾರ ಕೇಳಿದ ಕಾರ್ಮಿಕರ ರಕ್ತವನ್ನು ಅವರಿಗೆ ತಿಳಿಸದೆಯೇ ವಂಶವಾಹಿ ಪರೀಕ್ಷೆಗೆ ಕಳಿಸಲಾಗಿತ್ತು. ನೋವಿಗೆ ಹುಟ್ಟಿನಲ್ಲೇ ಕಾರಣ ಸಿಕ್ಕರೆ ಕೆಲಸದ ಮೇಲಿನ ಆರೋಪ ತಪ್ಪುತ್ತದಲ್ಲ! 2001ರಲ್ಲಿ ಸರ್ಕಾರಿ ಆಯೋಗ ಕೋರ್ಟಿಗೆ ಹೋಯಿತು. ಮರುವರ್ಷ ಕಂಪನಿ 22 ಲಕ್ಷ ಡಾಲರ್ ಕೊಡಲು ಒಪ್ಪಿತು. 2008ರಲ್ಲಿ ಅಲ್ಲಿ ಉದ್ಯೋಗ ಮತ್ತು ಆರೋಗ್ಯ ವಿಮೆಯಲ್ಲಿ ವಂಶವಾಹಿ ಆಧಾರದ ತಾರತಮ್ಯ ತಡೆಯುವ ಕಾನೂನೂ ಬಂತು.

ನಮ್ಮಲ್ಲಿ ಅಂಥ ಪ್ರತ್ಯೇಕ ಕಾನೂನು ಇಲ್ಲ. 2018ರಲ್ಲಿ ದಿಲ್ಲಿ ಹೈಕೋರ್ಟ್ ಒಂದು ಹೃದ್ರೋಗದ ಪ್ರಕರಣದಲ್ಲಿ, ‘ವಂಶವಾಹಿ ಕಾಯಿಲೆ’ ಎಂಬ ಸಾರಾಸಗಟು ನೆಪದಿಂದ ವಿಮೆ ನಿರಾಕರಿಸುವುದು ತಾರತಮ್ಯ ಎಂದಿತು. ಆದರೆ ವಿಮೆಯೇ ಇಲ್ಲದ ತಬೇಲಾ ಕಾರ್ಮಿಕನಿಗೆ ಆ ಮಾತು ಎಷ್ಟು ದೂರ! ಇತ್ತ ಎಂಜಲು ಕೊಟ್ಟರೆ ಜಾತಕ ಹೇಳುವ ಡಿಎನ್‌ಎ ಕಿಟ್‌ಗಳ ಜಾಹೀರಾತು ನಮ್ಮಂಥವರ ಮೊಬೈಲಿಗೆ ಬರುತ್ತಲೇ ಇದೆ. ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ‘ಜೀನೋಮ್ ಇಂಡಿಯಾ’ ಯೋಜನೆ 10,000 ಭಾರತೀಯರ ಜೀನೋಮ್ ಓದಿ, 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಟ್ಟಿದೆ. ಹೆಮ್ಮೆಯ ಕೆಲಸ, ಬೇಕಾದ ಕೆಲಸ. ಜ್ಞಾನ ಹೆಚ್ಚುತ್ತಿರುವಾಗಲೇ ಅದನ್ನು ಯಾವುದಕ್ಕೆ ಬಳಸಬಾರದು ಎಂಬ ಗೆರೆಯನ್ನೂ ಎಳೆಯಬೇಕು ಎನ್ನುವುದು ನನ್ನ ವಾದ.

ವಂಶವಾಹಿ ವಿದ್ಯೆಗೆ ಒಳ್ಳೆಯ ಜಾಗವೂ ಇದೆ. ನಿಕೋಟಿನ್ ಬೇಗ ಕರಗುವವರಿಗೆ ವರೆನಿಕ್ಲಿನ್ ಮಾತ್ರೆ ಪ್ಯಾಚ್‌ಗಿಂತ ಹೆಚ್ಚು ನೆರವಾಗುತ್ತದೆ, ನಿಧಾನವಾಗಿ ಕರಗುವವರಿಗೆ ಅಗ್ಗದ ಪ್ಯಾಚೇ ಸಾಕಾಗುತ್ತದೆ ಎಂದು 2015ರ ಒಂದು ಪ್ರಯೋಗ ತೋರಿಸಿದೆ. ಚಟ ಬಿಡಿಸುವ ವೈದ್ಯರ ಮೇಜಿನ ಮೇಲೆ ಈ ವಿದ್ಯೆ ಇರಲಿ. ಕೆಲಸದ ಗೇಟಿನಲ್ಲಿ ಬೇಡ.

ನಾವು ಮಾಡಬಹುದಾದದ್ದು

ಹೆಸರಿಲ್ಲದ ಕೆಮ್ಮಿಗೆ ಹೆಸರು ಕೊಡುವುದು ಮೊದಲ ಕೆಲಸ. ಮುಂಬೈ ಗಿರಣಿಗಳ ಹತ್ತಿ ದೂಳಿನ ಕಾಯಿಲೆಗೆ ಬಿಸಿನೋಸಿಸ್ ಎಂಬ ಹೆಸರು ಸಿಕ್ಕಿದ್ದರಿಂದಲೇ ಅದು ಪರಿಹಾರ ಕೊಡಬೇಕಾದ ಉದ್ಯೋಗದ ಕಾಯಿಲೆಗಳ ಪಟ್ಟಿಗೆ ಸೇರಿತು. ಸಾವಯವ ದೂಳು ಉಸಿರಾಡಿ ಬರುವ ಅಲರ್ಜಿಯ ಶ್ವಾಸಕೋಶ ಕಾಯಿಲೆಯೂ ಆ ಪಟ್ಟಿಯಲ್ಲಿದೆ. ಆದರೆ ಚೀಟಿಯಲ್ಲಿ ‘ಬೀಡಿ ಸೇದುವವ’ ಎಂದಷ್ಟೇ ಬರೆದು, ‘ಕೆಲಸ: ತಬೇಲಾ’ ಎಂದು ಬರೆಯದಿದ್ದರೆ ಆ ಪಟ್ಟಿ ಇದ್ದೂ ಇಲ್ಲದಂತೆ. ಕಲ್ಯಾಣ್-ಡೊಂಬಿವಲಿ, ಠಾಣೆ, ನವಿ ಮುಂಬೈ ಪಾಲಿಕೆಗಳ ದವಾಖಾನೆಗಳಲ್ಲಿ ಕೆಮ್ಮು ಎಂದು ಬಂದವರಿಗೆ ‘ಏನು ಕೆಲಸ ಮಾಡುತ್ತೀರಿ’ ಎಂದು ಕೇಳುವುದಕ್ಕೆ ಖರ್ಚಿಲ್ಲ.

ತಬೇಲಾದಲ್ಲಿ ಆಗಬೇಕಾದವು ದೊಡ್ಡ ತಂತ್ರಜ್ಞಾನವಲ್ಲ. ಬೂಸಾ ಕಲಸುವ ಮುನ್ನ ನೀರು ಚಿಮುಕಿಸುವುದು, ಹುಲ್ಲಿಗೆ ಬೂಷ್ಟು ಹಿಡಿಯದಂತೆ ಒಣಗಿಸಿಡುವುದು, ಮಾಡಿನ ನೆತ್ತಿಯಲ್ಲಿ ಗಾಳಿ ಹೊರಹೋಗಲು ಜಾಗ ಬಿಡುವುದು, ಮಲಗುವ ಅಟ್ಟವನ್ನು ಎಮ್ಮೆಗಳಿಂದ ಬೇರೆ ಮಾಡುವುದು, ಒಣ ಕೆಲಸದ ಹೊತ್ತಿಗೆ ಒಂದು ಎನ್‌95 ಮಾಸ್ಕ್. ಮಾಲೀಕರಿಗೆ ಖರ್ಚು ಹೊರೆಯಾಗುತ್ತದೆ ಎನ್ನುವವರಿಗೆ ಹಾಲು ಕೊಳ್ಳುವ ಹೋಟೆಲಿನವರು ಉತ್ತರ ಕೊಡಬಹುದು. ಅವರಲ್ಲಿ ನಮ್ಮವರೇ ಬಹಳ ಇದ್ದಾರೆ. ಹಾಲಿನ ಕೊಬ್ಬು ಕೇಳುವಂತೆಯೇ ಕರೆಯುವವನ ಅಟ್ಟ ಹೇಗಿದೆ ಎಂದೂ ಕೇಳಿದರೆ ಮಾತು ನಡೆಯುತ್ತದೆ.

ಇದರಿಂದ ಬೀಡಿಗೆ ರಿಯಾಯಿತಿ ಸಿಕ್ಕಿತೆಂದು ಯಾರೂ ತಿಳಿಯಬಾರದು. ದೂಳೂ ಹೊಗೆಯೂ ಸೇರಿದರೆ ಹಾನಿ ಇನ್ನೂ ಹೆಚ್ಚು. ತಂಬಾಕು ಬಿಡಬೇಕೆನ್ನುವವರಿಗೆ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ ಇದೆ: 1800-11-2356. ಇದರ ಕೇಂದ್ರಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯೂ ಇವೆ. ಊರಿನಲ್ಲಿರುವ ನಿಮ್ಮ ದೊಡ್ಡಪ್ಪನಿಗೆ ಕನ್ನಡದಲ್ಲಿ, ಇಲ್ಲಿನ ಹಾಲಿನವನಿಗೆ ಹಿಂದಿಯಲ್ಲಿ ಮಾತನಾಡುವವರು ಸಿಗುತ್ತಾರೆ.

ಕೊನೆಯದಾಗಿ ನಮ್ಮ ಸಂಘಗಳಿಗೊಂದು ಮನವಿ. ಠಾಣೆಯಿಂದ ಪನ್ವೇಲ್‌ವರೆಗೆ ನಮ್ಮ ಕನ್ನಡ ಸಂಘಗಳು ಬಿ.ಪಿ., ಶುಗರ್ ತಪಾಸಣೆಯ ಶಿಬಿರ ಮಾಡುತ್ತವೆ. ಮುಂದಿನ ಶಿಬಿರಕ್ಕೆ ಸ್ಪೈರೊಮೆಟ್ರಿ ಎಂಬ ಊದುವ ಪರೀಕ್ಷೆಯ ಯಂತ್ರವನ್ನೂ ತರಿಸಿ. ಒಂದು ಭಾನುವಾರ, ಮಧ್ಯಾಹ್ನದ ಹಾಲಿಗೆ ಮುಂಚೆ, ಅದನ್ನು ಗೋವಿಂದವಾಡಿಗೆ ಒಯ್ಯೋಣ. ಬರುವ ಅಂಕಿಗಳನ್ನು ಹೆಸರು ಬಯಲಾಗದಂತೆ ಜೋಡಿಸಿ, ಪಾಲಿಕೆಯ ಮುಂದಿಡುವ ಕೆಲಸಕ್ಕೆ ಐರೋಲಿ, ಮಹಾಪೆಗಳಲ್ಲಿ ಕೂತಿರುವ ನಮ್ಮಂಥ ಎಂಜಿನಿಯರುಗಳಿದ್ದೇವೆ. ನಾನಂತೂ ಲ್ಯಾಪ್‌ಟಾಪ್ ಹಿಡಿದು ಬರಲು ಸಿದ್ಧ.